ಮಗುವಿಗೆ ‘ಬ್ರೀದಿಂಗ್ ಕೊಟ್ರು’ ಅಂದ್ರೆ ಏನರ್ಥ?

ಸಂಪಾದಕರಿಗೆ ನಮಸ್ಕಾರ,

ನಾನು ನಂಜನಗೂಡು ತಾಲ್ಲೂಕಿನ ಒಂದು ಹಳ್ಳೀಲಿ 32 ವರ್ಷ ಅಂಗನವಾಡಿ ಕಾರ್ಯಕರ್ತೆ ಆಗಿದ್ದು ರಿಟೈರ್ ಆದೋಳು, ಈಗ ಬೆಂಗಳೂರಲ್ಲಿ ಮಗನ ಮನೇಲಿದೀನಿ. ಪತ್ರಿಕೆಗೆ ಬರೀತಿರೋದು ಇದೇ ಮೊದಲು, ಅದೂ ಮೊಬೈಲಲ್ಲಿ ಟೈಪ್ ಮಾಡ್ಕೊಂಡು, ತಪ್ಪಿದ್ರೆ ನೀವೇ ತಿದ್ಕೊಳ್ಳಿ.

ವಿಷಯ ಏನಂದ್ರೆ, ಹೋದ ತಿಂಗಳು ಒಂದಿನ ನಮ್ಮ ಮೊಮ್ಮಗ, ನಾಲ್ಕೂವರೆ ವರ್ಷ, ಎಲ್‌ಕೆಜಿ, ಸ್ಕೂಲಿಂದ ಬಂದು ಶೂ ಬಿಚ್ಚುತ್ತಾ "ಅಜ್ಜಿ, ಇವತ್ತು ನಂಗೆ ಎರಡು ಸಲ ಬ್ರೀದಿಂಗ್ ಕೊಟ್ರು" ಅಂದ. ನಾನು ಏನೋ ತಿಂಡಿ ಹೆಸರು ಇರ್ಬೇಕು ಅನ್ಕೊಂಡೆ. ಬಿಡಿಸಿ ಕೇಳಿದ್ಮೇಲೆ ಗೊತ್ತಾಯ್ತು, ಪಕ್ಕದ ಹುಡುಗನ ಕ್ರಯಾನ್ ಕಿತ್ಕೊಂಡು ಆಮೇಲೆ ತಾನೇ ಅತ್ತು ರಂಪ ಮಾಡಿದ್ದಕ್ಕೆ ಮೂಲೇಲಿರೋ ನೀಲಿ ಮ್ಯಾಟ್ ಮೇಲೆ ಕೂರಿಸಿ ಹತ್ತು ಸಲ ದೀರ್ಘವಾಗಿ ಉಸಿರು ತಗೋ ಅಂದಿದಾರೆ, ಹತ್ತು ಮುಗಿಯೋವರೆಗೂ ಏಳೋ ಹಾಗಿಲ್ಲ, ಎಣಿಕೆ ತಪ್ಪಿದ್ರೆ ಮತ್ತೆ ಮೊದಲಿಂದ. ನಾವೆಲ್ಲ ಚಿಕ್ಕೋರಿದ್ದಾಗ "ಮೇಷ್ಟ್ರು ಬಸ್ಕಿ ಹೊಡೆಸಿದ್ರು" ಅಂತ ಮನೇಲಿ ಬಂದು ಹೇಳ್ತಿದ್ವಲ್ಲ, ಪಾಪ ಅದೇ ಧ್ವನೀಲಿ ಹೇಳ್ದ ಅವ್ನು.

ಇದಕ್ಕೂ ಮುಂಚೆ ಜೂನಲ್ಲಿ ಅದೇ ಸ್ಕೂಲಿಂದ ವಾಟ್ಸಾಪಲ್ಲಿ ಸರ್ಕ್ಯುಲರ್ ಬಂದಿತ್ತು, ‘ವೆಲ್‌ನೆಸ್ ಕಿಟ್’ 950 ರೂಪಾಯಿ, ಎಲ್ರೂ ತಗೊಳ್ಲೇಬೇಕು ಅಂತ. ಡಬ್ಬಿ ತೆಗೆದು ನೋಡಿದ್ರೆ ಒಂದು ಪ್ಲಾಸ್ಟಿಕ್ ಗಿರಿಗಿಟ್ಲೆ, ಒಂದು ಸೋಪಿನ ಗುಳ್ಳೆ ಬಾಟ್ಲಿ, ಒಂದು ಬಣ್ಣದ ಪುಕ್ಕ, ಆಮೇಲೆ ಒಂದು ಲ್ಯಾಮಿನೇಟ್ ಮಾಡಿದ ಕಾರ್ಡು, ಅದರ ಮೇಲೆ ಸಿಟ್ಟಿನ ಮುಖ ಅಳು ಮುಖ ನಗು ಮುಖ. ನಂಜನಗೂಡು ಜಾತ್ರೇಲಿ ನೂರು ರೂಪಾಯಿ ಕೊಟ್ರೆ ಇಷ್ಟೂ ಕೊಟ್ಟು ಚಿಲ್ಲರೆ ವಾಪಸ್ ಕೊಡ್ತಾರೆ. ಜೊತೆಗೆ ವಾರಕ್ಕೊಂದು ವರ್ಕ್‌ಶೀಟು, ಈ ವಾರ ಎಷ್ಟು ಸಲ ಉಸಿರಾಟ ಮಾಡಿದೆ, ಅಷ್ಟು ಸ್ಟಾರ್ ಅಂಟಿಸು ಅಂತ. ಉಸಿರಾಡಿದ್ದಕ್ಕೆ ಸ್ಟಾರು! ನಮ್ಮನೆಯವರು ಇವತ್ತು ಇದ್ದಿದ್ರೆ "ನಂಗೂ ಎರಡು ಅಂಟ್ಸಮ್ಮ" ಅಂತಿದ್ರು.

ಇದನ್ನ ಓದಿ ಯಾರಾದ್ರೂ ಈ ಮುದುಕಿಗೆ ಹೊಸದೇನೂ ಹಿಡಿಸಲ್ಲ ಅನ್ಕೋಬೇಡಿ. ಪುಟ್ಟ ಮಕ್ಕಳಿಗೆ ಸಿಟ್ಟು, ಭಯ, ಅಳು ಮೈಮೇಲೆ ಬಂದಾಗ ಉಸಿರಿನ ಆಟ ಸಹಾಯ ಮಾಡುತ್ತೆ ಅನ್ನೋದು ನಂಗೂ ಗೊತ್ತು, 32 ವರ್ಷ ಅದನ್ನೇ ಮಾಡ್ಕೊಂಡು ಬಂದೋಳು. ನನ್ನ ತಕರಾರು ಒಂದೇ, ಅದು ಆಟ ಆಗಿದ್ರೆ ಮಾತ್ರ ಕೆಲಸ ಮಾಡೋದು. ಶಿಕ್ಷೆ ಮಾಡಿದ್ರೆ, ಹೋಮ್‌ವರ್ಕ್ ಮಾಡಿದ್ರೆ, ಮಗು ಉಸಿರನ್ನೇ ದ್ವೇಷ ಮಾಡೋಕೆ ಕಲಿಯುತ್ತೆ ಅಷ್ಟೇ.

ನಾನು ಕಲಿತಿದ್ದು ಯಾವ ಟ್ರೇನಿಂಗಲ್ಲೂ ಅಲ್ಲ, ಒಲೆ ಮುಂದೆ. 1990ರಲ್ಲಿ ಕೆಲಸಕ್ಕೆ ಸೇರಿದಾಗ ನಮ್ಮ ಕೇಂದ್ರದಲ್ಲಿ ಸೌದೆ ಒಲೆ. (ನಮ್ಮ ಪಕ್ಕದ ಟಿ. ನರಸೀಪುರ ತಾಲ್ಲೂಕಲ್ಲೇ 1975ರ ಅಕ್ಟೋಬರ್ 2ಕ್ಕೆ ನೂರು ಅಂಗನವಾಡಿ ಇಟ್ಕೊಂಡು ಇಡೀ ರಾಜ್ಯದ ಯೋಜನೆ ಶುರು ಆಗಿದ್ದು, ಅದೊಂದು ಹೆಮ್ಮೆ ನಮ್ಮ ಕಡೆಯೋರಿಗೆ.) ಜೂನ್ ತಿಂಗಳು ಅಂದ್ರೆ ಹೊಸ ಮಕ್ಕಳು ಬರೋ ಕಾಲ, ಮೂರು ವರ್ಷದವು, ಅವ್ವ ಬಾಗಿಲು ದಾಟಿದ ತಕ್ಷಣ ಒಂದು ಶುರು ಮಾಡುತ್ತೆ, ಅದನ್ನ ನೋಡಿ ಇನ್ನೊಂದು, ಐದು ನಿಮಿಷದಲ್ಲಿ ಹದಿನೈದೂ ಒಟ್ಟಿಗೆ ರಾಗ ತೆಗೀತವೆ, ಆ ಸದ್ದಲ್ಲಿ ನಮಗೇ ಅಳು ಬರ್ತಿತ್ತು. ಅಂಥದ್ದೇ ಒಂದು ಬೆಳಿಗ್ಗೆ ನಮ್ಮ ಆಯಮ್ಮ ಒಲೆ ಹತ್ತಿಸ್ತಾ ಊದುಗೊಳವೆ ಹಿಡ್ಕೊಂಡು ಊದ್ತಿದ್ರು, ಹಸಿ ಸೌದೆ, ಹೊಗೆ, ಅವ್ರು ಊದಿದಾಗೆಲ್ಲ ಕೆಂಡ ಕೆಂಪಗಾಗೋದು ಬಿಟ್ಟಾಗ ಕಪ್ಪಗಾಗೋದು. ಒಂದು ಹುಡುಗಿ, ಎಲ್ರಿಗಿಂತ ಜೋರಾಗಿ ಅಳ್ತಿದ್ದೋಳು, ಅದನ್ನೇ ನೋಡ್ತಾ ನೋಡ್ತಾ ಸುಮ್ಮನಾದ್ಲು. ಆಮೇಲೆ ನೋಡಿದ್ರೆ ಅವಳೂ ಬಾಯಿ ಚೂಪು ಮಾಡ್ಕೊಂಡು ದೂರದಿಂದ್ಲೇ ಊದ್ತಿದಾಳೆ, ಬಿಕ್ಕೋದು ನಿಂತಿದೆ.

ಒಲೆ ಹತ್ರ ಮಕ್ಕಳನ್ನ ಬಿಡೋಕಾಗಲ್ವಲ್ಲ, ಬೂದಿ ಕಣ್ಣಿಗೆ ಬೀಳುತ್ತೆ. ಹಾಗಾಗಿ ಮಾರನೇ ದಿನ ಹಳೇ ಪೇಪರ್ ಸುತ್ತಿ ಒಂದೊಂದು ಊದುಗೊಳವೆ ಮಾಡಿ ಕೈಗೆ ಕೊಟ್ಟೆ, ನೆಲದ ಮೇಲೆ ಬೂರುಗದ ಹತ್ತಿ ಉಂಡೆ ಇಟ್ಟು ಅದನ್ನ ಊದಿ ಊದಿ ಗೋಡೆ ಮುಟ್ಟಿಸ್ಬೇಕು. ಅಲ್ಲಿಂದ ಶುರು ಆಯ್ತು ನೋಡಿ. ಪಪ್ಪಾಯಿ ಎಲೆ ದಂಟು ತಂದು ಅಂಟುವಾಳಕಾಯಿ ನೀರಲ್ಲಿ ಅದ್ದಿ ಗುಳ್ಳೆ ಬಿಡೋದು, ದಂಟಿನ ಹಾಲು ಪೂರ್ತಿ ಹೋಗೋ ಹಾಗೆ ತೊಳೀಬೇಕು ಇಲ್ಲಾಂದ್ರೆ ಬಾಯಿ ಉರಿಯುತ್ತೆ, ಮೂರು ವರ್ಷದ ಒಳಗಿನವಕ್ಕೆ ಕೊಡ್ಲೇಬಾರ್ದು, ಅವು ಊದೋ ಬದಲು ಎಳ್ಕೊಂಡು ಕುಡಿದುಬಿಡ್ತವೆ. ಬಲೂನ್ ಅಂತೂ ಬೇಡವೇ ಬೇಡ, ಒಡೆದ ಚೂರು ಗಂಟಲಿಗೆ ಸಿಕ್ಕಿಕೊಂಡ್ರೆ ಪ್ರಾಣಕ್ಕೇ ಅಪಾಯ.

ಈಗ ಯಾಕೆ ಊದೋದು ಅಂತ ಹೇಳ್ತೀನಿ, ಯಾಕಂದ್ರೆ ಇಲ್ಲೇ ಬಹಳ ಜನ ತಪ್ಪು ಮಾಡೋದು. ಅಳ್ತಿರೋ ಮಗುಗೆ "ಡೀಪ್ ಬ್ರೆತ್ ತಗೋ" ಅಂದು ನೋಡಿ, ಅದು ಭುಜ ಎರಡೂ ಕಿವಿಗೆ ತಾಗೋ ಹಾಗೆ ಮೇಲೆತ್ತಿ ಗಾಳಿ ಎಳ್ಕೊಂಡು ಕೆನ್ನೆ ಉಬ್ಬಿಸಿ ಹಾಗೇ ನಿಂತ್ಕೊಳ್ಳುತ್ತೆ, ಬಿಡೋದೇ ಮರೆತುಹೋಗುತ್ತೆ. ಬಿಕ್ಕಿ ಬಿಕ್ಕಿ ಅಳೋವಾಗ ಮೊದಲೇ ಗಾಳಿ ಎಳ್ಕೊಳ್ತಾನೇ ಇರುತ್ತೆ, ಇನ್ನೆಲ್ಲಿಂದ ತಗೋಬೇಕು ಪಾಪ. ನಮ್ಮ ದೇಹ ಹೇಗಿದೆ ಅಂದ್ರೆ ಉಸಿರು ಒಳಗೆ ಹೋಗೋವಾಗ ಎದೆಬಡಿತ ಸ್ವಲ್ಪ ಜಾಸ್ತಿ ಆಗುತ್ತೆ, ಹೊರಗೆ ಬಿಡೋವಾಗ ನಿಧಾನ ಆಗುತ್ತೆ, ಮಿದುಳಿಂದ ಎದೆ ಹೊಟ್ಟೆವರೆಗೂ ಇಳಿಯೋ ವೇಗಸ್ ಅನ್ನೋ ನರ ಅಲ್ಲಿ ಬ್ರೇಕ್ ಥರ ಕೆಲಸ ಮಾಡುತ್ತಂತೆ. ಅಂದ್ಮೇಲೆ ಬೇಕಾಗಿರೋದು ನಿಧಾನವಾಗಿ ಬಿಡೋ ಉಸಿರು. ಅದನ್ನ ಮಗುಗೆ ಹೇಳಿ ಮಾಡಿಸೋಕಾಗಲ್ಲ, ಊದೋಕೆ ಏನಾದ್ರೂ ಕೊಟ್ಟುಬಿಟ್ರೆ ಆಯ್ತು, ಬಿಡೋದು ತಾನಾಗೇ ಉದ್ದ ಆಗುತ್ತೆ, ತಗೊಳ್ಳೋದನ್ನ ದೇಹ ತಾನೇ ನೋಡ್ಕೊಳ್ಳುತ್ತೆ. ಗುಳ್ಳೆ ಬಿಡೋ ಆಟದಲ್ಲಂತೂ ಜೋರಾಗಿ ಊದಿದ್ರೆ ಗುಳ್ಳೆ ಬರೋದೇ ಇಲ್ಲ, ಮೆಲ್ಲಗೆ ಊದಿದ್ರೇನೇ ಬರೋದು. ನಾವು ಬಾಯಿ ಬಿಡೋದೇ ಬೇಡ, ಗುಳ್ಳೇನೇ ಕಲಿಸುತ್ತೆ.

ನಮ್ಮ ಅಜ್ಜಿಯರು ಇದನ್ನೆಲ್ಲ ಲೆಕ್ಕ ಹಾಕಿ ಮಾಡ್ತಿದ್ರಾ ಗೊತ್ತಿಲ್ಲ, ಆದ್ರೆ ಬಿದ್ದು ಮಂಡಿ ತರಚಿಕೊಂಡ ಮಗುನ ತೊಡೆ ಮೇಲೆ ಕೂರಿಸಿ "ಉಫ್... ನೀನೂ ಊದು, ಉಫ್... ನೋವು ಹಾರಿ ಹೋಯ್ತು" ಅಂತಿದ್ರಲ್ಲ, ಬಿಸಿ ರಾಗಿ ಗಂಜಿ ಬಟ್ಟಲು ಮುಂದೆ ಇಟ್ಟು ಆರೋವರೆಗೂ ಊದಿಸ್ತಿದ್ರಲ್ಲ, ಇದೇ ತಾನೇ ಅದು. ಕಿಟ್ ಇರ್ಲಿಲ್ಲ ಅಷ್ಟೇ.

ಇನ್ನೊಂದು ಆಟ ದುಂಬಿ. ತುಟಿ ಮುಚ್ಕೊಂಡು ಗುಂಯ್ ಅಂತ ಉಸಿರು ಮುಗಿಯೋವರೆಗೂ ಸದ್ದು ಮಾಡೋದು, ದೊಡ್ಡೋರು ಭ್ರಾಮರಿ ಅಂತಾರಲ್ಲ ಅದರ ತಮ್ಮ. ಮಕ್ಕಳಿಗೆ ಕಣ್ಣು ಮುಚ್ಚು ಕಿವಿ ಮುಚ್ಚು ಅಂತ ಏನೂ ನಿಯಮ ಹೇಳಬಾರ್ದು, ಹೂವು ಹುಡುಕ್ಕೊಂಡು ಹೋಗೋ ದುಂಬಿ ನೀನು ಅಂದ್ರೆ ಸಾಕು, ಕೇಂದ್ರದ ತುಂಬ ಹಾರಾಡ್ತವೆ. ಊಟ ಆದ್ಮೇಲೆ ಮಲಗಿಸೋವಾಗ ಹೊಟ್ಟೆ ಮೇಲೆ ಬಟ್ಟೆ ಗೊಂಬೆ ಇಟ್ಟು "ಗೊಂಬೆಗೆ ಉಯ್ಯಾಲೆ ಆಡ್ಸು, ಬೀಳಿಸ್ಬೇಡ" ಅನ್ನೋದು, ಅರ್ಧ ಜನ ಗೊಂಬೆಗಿಂತ ಮೊದಲೇ ನಿದ್ದೆ. ಐದು ವರ್ಷದವಕ್ಕೆ ಬೆರಳು ಬೆಟ್ಟ. ಒಂದು ಕೈ ಅಗಲಿಸಿ ಇನ್ನೊಂದು ಕೈ ಬೆರಳಲ್ಲಿ ಹತ್ತುತ್ತಾ ಉಸಿರು ತಗೊಳ್ಳೋದು ಇಳೀತಾ ಬಿಡೋದು, ನಮ್ಮ ಮಕ್ಕಳು ಅದನ್ನ ಚಾಮುಂಡಿ ಬೆಟ್ಟ ಮಾಡ್ಕೊಂಡಿದ್ರು, ಹೆಬ್ಬೆರಳು ಬಂದಾಗ ನಂದಿ ಬಂತು ಅಂತ ಸುಸ್ತಾದೋರ ಥರ ಕೂತ್ಕೊಂಡು "ಹಾ..." ಅಂತ ಬಿಡೋವು. ಆ ಹಾ ಇದೆಯಲ್ಲ, ಅದಕ್ಕಿಂತ ಒಳ್ಳೆ ವ್ಯಾಯಾಮ ಯಾವುದೂ ಇಲ್ಲ.

ನಾಲ್ಕೈದು ಸಲ ಆದ್ರೆ ಸಾಕು, ಜಾಸ್ತಿ ಊದಿದ್ರೆ ತಲೆ ತಿರುಗುತ್ತೆ. ಉಸಿರು ಹಿಡ್ಕೋ ಅಂತ ಮಕ್ಕಳಿಗೆ ಹೇಳ್ಲೇಬಾರ್ದು. ದೊಡ್ಡೋರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದ್ರೆ ನಾಲ್ಕು ವರ್ಷದ ಮಗು ಸುಮ್ಮನೆ ಕೂತಿದ್ರೂ 20ರ ಮೇಲೇ ಇರುತ್ತೆ, ಅದರ ಎದೆಗೂಡೇ ಚಿಕ್ಕದು. ನಾಲ್ಕು ಎಣಿಸಿ ತಗೋ, ಏಳು ಎಣಿಸಿ ಹಿಡಿ, ಎಂಟು ಎಣಿಸಿ ಬಿಡು ಅನ್ನೋ ಯೂಟ್ಯೂಬ್ ಲೆಕ್ಕ ಅದಕ್ಕಲ್ಲ. ಇನ್ನು ಜೂನ್ 21ರ ಯೋಗ ದಿನ ಬಂದ್ರೆ ಮೂರು ವರ್ಷದ ಕೂಸುಗಳಿಗೆ ಬಿಳೀ ಡ್ರೆಸ್ ಹಾಕಿಸಿ ಸ್ಟೇಜ್ ಮೇಲೆ ಕಪಾಲಭಾತಿ ಮಾಡ್ಸಿ ಫೋಟೋ ತೆಗೆಸ್ತಾರೆ, ಅದರ ಬಗ್ಗೆ ಬರೆದ್ರೆ ಇನ್ನೊಂದು ಪತ್ರ ಆಗುತ್ತೆ ಬಿಡಿ.

ನಾನು ಇದನ್ನೆಲ್ಲ ಮನೇಲಿ ಹೇಳಿದಾಗ ನನ್ನ ಮಗ "ಅಮ್ಮ, ಇದಕ್ಕೆ ರಿಸರ್ಚ್ ಕೂಡ ಇದೆ" ಅಂತ ಒಂದು ಲಿಂಕ್ ಕಳಿಸಿ ಅವನೇ ಕನ್ನಡದಲ್ಲಿ ಬಿಡಿಸಿ ಹೇಳ್ದ. ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯೋರು 2021ರಲ್ಲಿ ಪ್ರಕಟ ಮಾಡಿರೋದು, ಹೆಚ್ಚುಕಮ್ಮಿ ಏಳು ವರ್ಷದ 342 ಮಕ್ಕಳು, ಪಾರ್ಕು ಮ್ಯೂಸಿಯಂ ಅಂಥ ಕಡೆ ಕೆಲವರಿಗೆ ಒಂದು ನಿಮಿಷದ ಕಾರ್ಟೂನ್ ವಿಡಿಯೋ ತೋರಿಸಿ ಅದರ ಜೊತೆ ನಾಲ್ಕು ಸಲ ನಿಧಾನವಾಗಿ ಉಸಿರಾಡಿಸಿದಾರೆ, ಅಷ್ಟಕ್ಕೇ ಎದೆಬಡಿತ ಕಮ್ಮಿ ಆಗಿದೆ. ಮಗನಿಗೆ ಖುಷಿ, ನೋಡು ನೀನು ಹೇಳಿದ್ದೇ ಅಂತ. ನಾನು ಕೇಳಿದೆ, ಆ ಮಕ್ಕಳು ಆಗ ಅಳ್ತಿದ್ವಾ? ಇಲ್ಲ, ಆರಾಮಾಗಿ ಆಡ್ಕೊಂಡಿದ್ದೋರು ಅಂದ. ನಾನು ಹೇಳೋದೂ ಅದೇ ಅಲ್ವಾ. ಆರಾಮಾಗಿದ್ದಾಗ ಕಲಿಸ್ಬೇಕು, ಒಂದು ಸಲ ಅಲ್ಲ ನೂರು ಸಲ, ಆಗ ಬೇಕಾದಾಗ ಒದಗಿದ್ರೆ ಒದಗುತ್ತೆ. ಹೊಳೆಗೆ ಬಿದ್ದಾಗ ಈಜು ಕಲಿಸೋಕೆ ಹೋಗ್ತಾರಾ ಯಾರಾದ್ರೂ?

ನಮ್ಮನೇಲೇ ನಡೆದಿದ್ದು ಕೇಳಿ. ಒಂದು ಭಾನುವಾರ ಮೊಬೈಲ್ ಕಿತ್ಕೊಂಡ್ರು ಅಂತ ಮೊಮ್ಮಗ ಡೈನಿಂಗ್ ಟೇಬಲ್ ಕೆಳಗೆ ಹೋಗಿ ಕೂತು ಕಾಲು ಬಡೀತಾ ಕಿರುಚ್ತಿದ್ದ. ನನ್ನ ಸೊಸೆ ಒಳ್ಳೇ ಹುಡುಗಿ, ಸ್ಕೂಲೋರು ಹೇಳಿದ್ದನ್ನ ಶ್ರದ್ಧೆಯಿಂದ ಮಾಡ್ತಾಳೆ, ಬಗ್ಗಿ "ಟೇಕ್ ಎ ಡೀಪ್ ಬ್ರೆತ್ ಪುಟ್ಟ" ಅಂದ್ಲು. ಅವ್ನು ಇನ್ನೂ ಜೋರು. ಇವಳೂ ಇನ್ನೂ ಜೋರು. ನಾಲ್ಕನೇ ಸಲಕ್ಕೆ "ಡೀಪ್ ಬ್ರೆತ್ ತಗೋ ಅಂದ್ನಲ್ಲಾ!" ಅಂತ ಅವಳು ಕೂಗಿದ್ದಕ್ಕೆ ಪಕ್ಕದ ಫ್ಲಾಟಿನ ನಾಯಿ ಬೊಗಳ್ತು. ಆಮೇಲೆ ಅವಳಿಗೇ ನಗು ಬಂತು, "ಅತ್ತೆ, ನಂಗೇ ಬೇಕು ಅನ್ಸುತ್ತೆ ಬ್ರೀದಿಂಗು" ಅಂದ್ಲು. ನಾನು ಏನೂ ಮಾಡ್ಲಿಲ್ಲ, ಟೇಬಲ್ ಪಕ್ಕ ನೆಲದ ಮೇಲೆ ಕೂತು, ಮಂಡಿ ನೋವು ಬೇರೆ, ಉಸ್ಸಪ್ಪಾ ಅಂತ ಉದ್ದಕ್ಕೆ ಉಸಿರು ಬಿಟ್ಟೆ. ಮತ್ತೆ ಸುಮ್ಮನೆ ಕೂತೆ. ಹತ್ತು ನಿಮಿಷ ಆಗಿರ್ಬೇಕು. ಅಳು ಸಣ್ಣಗಾಯ್ತು, ಮೂಗು ಒರೆಸ್ಕೊಂಡು ನನ್ನ ತೊಡೆ ಮೇಲೆ ಬಂದು ಬಿದ್ಕೊಂಡ. ಆ ಹತ್ತು ನಿಮಿಷ ಉಸಿರಿನ ಆಟದ ಸುದ್ದೀನೇ ತೆಗೀಲಿಲ್ಲ ನಾನು.

ದುಂಬಿ ಆಟ ಆಡಿದ್ದು ಅವತ್ತು ಸಂಜೆ, ಬಾಲ್ಕನೀಲಿ, ಅವ್ನು ಖುಷಿಯಾಗಿದ್ದಾಗ. ಆಮೇಲೆ ದಿನಾ ಆಡಿದ್ವಿ. ಎರಡು ವಾರ ಆದ್ಮೇಲೆ ಕಟ್ಟಿದ ಬ್ಲಾಕಿನ ಗೋಪುರ ಬಿದ್ದುಹೋಯ್ತು, ಅವ್ನ ಮುಖ ಕೆಂಪಗಾಯ್ತು, ಕೈಲಿ ಒಂದು ಬ್ಲಾಕ್ ಹಿಡ್ಕೊಂಡು ನನ್ನ ಕಡೆ ನೋಡ್ದ, ಹಲ್ಲು ಕಚ್ಚಿ ಗುಂಯ್‌ಯ್‌ಯ್ ಅಂದ, ಅಂದ್ಮೇಲೂ ಎಸೆದ. ಆದ್ರೆ ನನ್ನ ಮೇಲಲ್ಲ, ಗೋಡೆ ಮೇಲೆ. ನನ್ನ ಲೆಕ್ಕದಲ್ಲಿ ಅದು ಪಾಸ್. ನಾಲ್ಕು ವರ್ಷದ ಮಗುವಿನಿಂದ ಇದಕ್ಕಿಂತ ಜಾಸ್ತಿ ಕೇಳೋರು ಮೊದಲು ಟ್ರಾಫಿಕ್ ಸಿಗ್ನಲಲ್ಲಿ ತಾವು ಹೇಗೆ ಹಾರ್ನ್ ಹೊಡೀತೀವಿ ಅಂತ ನೋಡ್ಕೊಳ್ಲಿ. ಸಿಟ್ಟು ತಡ್ಕೊಳ್ಳೋ ಮಿದುಳಿನ ಮುಂಭಾಗ ಪೂರ್ತಿ ಬಲಿಯೋಕೆ ಇಪ್ಪತ್ತು ದಾಟಬೇಕಂತೆ.

ಎಲ್ಲಾ ಅಳುಗೂ ಉಸಿರಿನ ಆಟ ಮದ್ದಲ್ಲ, ಇದನ್ನ ಹೇಳ್ದೆ ಇದ್ರೆ ನಾನೂ ಆ ಕಿಟ್ ಮಾರೋರ ಥರಾನೇ ಆಗ್ತೀನಿ. ನಮ್ಮ ಕೇಂದ್ರದಲ್ಲಿ ಒಬ್ಬ ದಿನಾ ಹನ್ನೊಂದು ಗಂಟೆಗೆ ಸರಿಯಾಗಿ ರಚ್ಚೆ ಹಿಡೀತಿದ್ದ. ವಾರಗಟ್ಟಲೆ ಆಟ ಆಡಿಸಿದ್ಮೇಲೆ ತಿಳೀತು, ಅವ್ರವ್ವ ಬೆಳಿಗ್ಗೆ ಆರಕ್ಕೆ ಗಾರ್ಮೆಂಟ್ಸ್ ಗಾಡಿ ಹತ್ತುತ್ತಾಳೆ, ಮಗು ಟೀ ಕುಡಿದು ಬರುತ್ತೆ ಅಷ್ಟೇ. ಹೊಟ್ಟೆ ಹಸಿವಿಗೆ ಗಿರಿಗಿಟ್ಲೆ ಕೊಟ್ಟಿದ್ದಕ್ಕೆ ಇವತ್ತಿಗೂ ನಾಚಿಕೆ ಆಗುತ್ತೆ ನಂಗೆ. ಇನ್ನೊಬ್ಬಳು ಅಳೋದೇ ಇಲ್ಲ, ಕೂಗೋದೇ ಇಲ್ಲ, ಎಷ್ಟು ಒಳ್ಳೇ ಮಗು ಅಂತ ಎಲ್ರೂ ಹೊಗಳ್ತಿದ್ವಿ, ಅವರಪ್ಪ ತೀರ್ಕೊಂಡು ಎರಡು ತಿಂಗಳಾಗಿತ್ತು. ದೊಡ್ಡ ದುಃಖ ಅಂದ್ರೆ ಸದ್ದು ಮಾಡ್ಲೇಬೇಕು ಅಂತೇನಿಲ್ಲ. ಅವಳು ಮೊದಲನೇ ಸಲ ಅತ್ತಿದ್ದು ಗುಳ್ಳೆ ಒಡೆದುಹೋಯ್ತು ಅಂತ, ನಾವ್ಯಾರೂ ಸುಮ್ಮನಿರು ಅನ್ಲಿಲ್ಲ.

ಆಮೇಲೆ ಅತ್ತು ಅತ್ತು ಉಸಿರು ಕಟ್ಟೋ ಮಕ್ಕಳಿರ್ತವೆ, ತುಟಿ ನೀಲಿಯಾಗಿ ಒಂದು ಗಳಿಗೆ ಎಚ್ಚರ ತಪ್ಪಿಬಿಡ್ತವೆ, ನೋಡೋರ ಕೈಕಾಲೇ ಆಡಲ್ಲ. ಅದು ಹಠಕ್ಕೆ ಬೇಕೂಂತ ಮಾಡೋದಲ್ಲ, ಅಲ್ಲಿ ಊದೋ ಆಟ ಆಡಿಸೋಕೆ ಹೋಗ್ಬೇಡಿ, ಮಗುನ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕ್ಬೇಡಿ, ಆಮೇಲೆ ಡಾಕ್ಟ್ರಿಗೆ ತೋರಿಸಿ. ನಮ್ಮೂರಲ್ಲಿ ಹೀಗಾದಾಗ ಹಿರಿಯರು ಕೈಗೆ ಕಬ್ಬಿಣದ ಬೀಗದ ಕೈ ಕೊಡಿ ಅಂದ್ರು. ಆಸ್ಪತ್ರೇಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟ್ರು ಕಬ್ಬಿಣದ ಅಂಶದ ಸಿರಪ್ ಕೊಟ್ರು, ರಕ್ತಹೀನತೆ ಇರೋ ಮಕ್ಕಳಲ್ಲಿ ಇದು ಜಾಸ್ತಿ ಅಂತ, ಕೆಲವು ತಿಂಗಳಲ್ಲಿ ಕಮ್ಮಿ ಆಯ್ತು. ಕಬ್ಬಿಣ ಅಂತ ಇಬ್ರೂ ಹೇಳಿದ್ದೇ, ಕೊಡೋ ಜಾಗ ಬೇರೆ! ನಗೋ ವಿಷಯ ಅಲ್ಲ ಬಿಡಿ, 2019ರಿಂದ 21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೆ ರಕ್ತಹೀನತೆ ಇತ್ತು.

ಇಷ್ಟೆಲ್ಲ ತಲೇಲಿ ಇಟ್ಕೊಂಡು, ಜಗಳ ಮಾಡೋಣ ಅಂತಾನೇ ಹೋದ ಶನಿವಾರ ಪೇರೆಂಟ್ಸ್ ಮೀಟಿಂಗಿಗೆ ಸೊಸೆ ಜೊತೆ ನಾನೂ ಹೋದೆ. ಮಿಸ್ ಅಂದ್ರೆ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ, ಕಣ್ಣ ಕೆಳಗೆ ಕಪ್ಪು. ನಾನು ನೀಲಿ ಮ್ಯಾಟಿನ ವಿಷಯ ಎತ್ತಿದ್ದಕ್ಕೆ ಆಕೆ ವಾದ ಮಾಡ್ಲಿಲ್ಲ. ಮೆಲ್ಲಗೆ "ಆಂಟಿ, ಕ್ಲಾಸಲ್ಲಿ 34 ಮಕ್ಕಳು, ನಾನೊಬ್ಳೇ, ಆಯಾ ಮೂರು ಕ್ಲಾಸಿಗೆ ಒಬ್ರು. ಒಂದು ಮಗು ಅಳೋಕೆ ಶುರು ಮಾಡಿದ್ರೆ ಪಕ್ಕ ಕೂರೋಣ ಅಂದ್ರೆ ಉಳಿದ 33ನ್ನ ಯಾರು ನೋಡ್ಕೋತಾರೆ? ನಂಗೇ ಉಸಿರಾಡೋಕೆ ಟೈಮಿಲ್ಲ" ಅಂದ್ಲು. ನನ್ನ ಜಗಳ ಅಲ್ಲೇ ಇಂಗಿಹೋಯ್ತು. ಹೊಸ ಮಕ್ಕಳ ಮಧ್ಯೆ ಆ ಜೂನ್ ತಿಂಗಳಲ್ಲಿ ನಾನಿದ್ದಿದ್ದೂ ಹೀಗೇ, ಆದ್ರೆ ನಂಗೆ ಆಯಮ್ಮ ಇದ್ರು, ಒಬ್ಬರು ಒಲೆ ನೋಡ್ಕೊಂಡ್ರೆ ಒಬ್ಬರು ಅಳೋ ಕೂಸನ್ನ ಸೊಂಟಕ್ಕೆ ಹಾಕ್ಕೋತಿದ್ವಿ.

ಹಾಗಾಗಿ ನನ್ನ ಪತ್ರ ಆ ಹುಡುಗಿ ವಿರುದ್ಧ ಅಲ್ಲ. 2013ರ ರಾಷ್ಟ್ರೀಯ ಪೂರ್ವ ಬಾಲ್ಯದ ಆರೈಕೆ ಮತ್ತು ಶಿಕ್ಷಣ ನೀತೀಲೇ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ದೊಡ್ಡೋರು ಇರ್ಬೇಕು ಅಂತ ಬರೆದಿದೆ. ಅದನ್ನ ಎಷ್ಟು ಪ್ರೀ ಸ್ಕೂಲ್ ಪಾಲಿಸ್ತಿವೆ ಅಂತ ಇಲಾಖೆಯೋರು ಒಂದು ಸಲ ಬಾಗಿಲು ತಟ್ಟಿ ನೋಡ್ಲಿ. ಮಾಲೀಕರು ಕಿಟ್ಟಿಗೆ ಅಂತ ಪ್ರತಿ ಮಗು ಹತ್ರ ವಸೂಲಿ ಮಾಡಿದ 950ನ್ನ 34ರಿಂದ ಗುಣಿಸಿ, 32,300 ರೂಪಾಯಿ ಬರುತ್ತೆ, ಒಂದೇ ಕ್ಲಾಸಿಂದು. ಆ ದುಡ್ಡಲ್ಲಿ ಆ ಕ್ಲಾಸಿಗೆ ಎರಡು ಮೂರು ತಿಂಗಳಾದ್ರೂ ಇನ್ನೊಬ್ಬ ಆಯಾ ಇಟ್ಕೋಬಹುದಿತ್ತು. ಆ ವರ್ಕ್‌ಶೀಟ್ ಸ್ಟಾರು ಎಲ್ಲ ನಿಲ್ಲಿಸ್ಲಿ. ನೀಲಿ ಮ್ಯಾಟ್ ಇರ್ಲಿ, ಆದ್ರೆ ಮಗು ತಾನಾಗೇ ಹೋಗಿ ಕೂರೋ ಜಾಗ ಆಗ್ಲಿ, ಪಕ್ಕದಲ್ಲಿ ಒಬ್ಬ ದೊಡ್ಡೋರು ಇರ್ಲಿ. ಅಂಗನವಾಡಿಗಳಲ್ಲೂ ನಮ್ಮ ಚಿಲಿಪಿಲಿ ಪುಸ್ತಕದ ಹಾಡು ಕಥೆ ಮಧ್ಯೆ ಐದು ನಿಮಿಷ ಊದೋ ಆಟಕ್ಕೆ ಜಾಗ ಮಾಡೋದು ಕಷ್ಟ ಏನಲ್ಲ, ರಿಜಿಸ್ಟರ್ ಒಂದು ಕಮ್ಮಿ ಮಾಡ್ಲಿ ಸಾಕು, ಸಮಯ ತಾನೇ ಸಿಗುತ್ತೆ. ಮನೇಲಿ ಎಷ್ಟು ದಿನ ಆದ್ರೂ ಮಗು ಅಳು ಸಿಟ್ಟು ಹತೋಟಿಗೆ ಬರ್ತಿಲ್ಲ, ತನಗೇ ಪೆಟ್ಟು ಮಾಡ್ಕೊಳ್ಳುತ್ತೆ ಅನ್ನೋ ಅಪ್ಪ ಅಮ್ಮಂದಿರು 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಪತ್ರ ಉದ್ದ ಆಯ್ತು, ಕತ್ತರಿಸೋದಾದ್ರೆ ನನ್ನ ಮನೆ ಕಥೆ ಕತ್ತರಿಸಿ, 20 ಮಕ್ಕಳಿಗೆ ಒಬ್ಬರು ಅನ್ನೋದನ್ನ ಮಾತ್ರ ಬಿಡಬೇಡಿ.

ಇಂತಿ ನಿಮ್ಮ,
ಒಬ್ಬ ನಿವೃತ್ತ ಅಂಗನವಾಡಿ ಟೀಚರಮ್ಮ,
ಬೆಂಗಳೂರು

ಮರೆತಿದ್ದೆ: ಕಿಟ್ಟಿನ ಪ್ಲಾಸ್ಟಿಕ್ ಗಿರಿಗಿಟ್ಲೆ ನಾಲ್ಕನೇ ದಿನಕ್ಕೆ ಮುರಿದುಹೋಯ್ತು. ಹಳೇ ಕ್ಯಾಲೆಂಡರ್ ಹಾಳೆ ಚೌಕಕ್ಕೆ ಕತ್ತರಿಸಿ, ನಾಲ್ಕು ಮೂಲೆಯಿಂದ ನಡುವಿನ ಕಡೆಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸೀಳಿ, ಒಂದು ಬಿಟ್ಟು ಒಂದು ತುದಿನ ನಡುಕ್ಕೆ ಮಡಿಚಿ ಗುಂಡುಪಿನ್ ಚುಚ್ಚಿ ಪೊರಕೆ ಕಡ್ಡಿ ಬದಲು ಪೆನ್ಸಿಲ್ ಹಿಂದಿನ ರಬ್ಬರಿಗೆ ಸಿಗಿಸಿ, ಪಿನ್ನಿನ ಚೂಪು ತುದಿ ರಬ್ಬರೊಳಗೇ ಉಳಿಯುತ್ತೆ, ಮಗುಗೆ ಚುಚ್ಚಲ್ಲ. ಹಾಳೆ ದಪ್ಪ ಇದ್ರೆ ಮೂರು ವರ್ಷದ ಉಸಿರಿಗೆ ತಿರುಗಲ್ಲ, ತೆಳ್ಳಗಿರೋದೇ ಆರಿಸ್ಕೊಳ್ಳಿ.